ಹಸಿದ ಕೌದಿ

“ಚಪ್ಲಿ ಹೊರಗ. ಚೀಲ ನನ್ನ ಹತ್ರ. ಕೈ ಎರಡೂ ಬೆನ್ನ ಹಿಂದ.”

ಕಾವಲುಗಾರ ಪಕೀರಪ್ಪ ಈ ಮೂರು ಮಾತನ್ನು ದಿನಕ್ಕೆ ಅದೆಷ್ಟು ಸಲ ಹೇಳುತ್ತಿದ್ದನೋ, ಅವನ ಮೀಸೆ ತಾನಾಗಿಯೇ ತಾಳ ಹಾಕುವುದನ್ನು ಕಲಿತಿತ್ತು. ಪತ್ತೇದಾರ ಹುಲುಗೇಶ್ ಮೂರನ್ನೂ ಪಾಲಿಸಿದ. ನಾಲ್ಕನೆಯದೊಂದು ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

“ಬಾಯಾಗೇನೈತ್ರೀ?”

“ಕಲ್ಲುಸಕ್ರಿ. ಗಂಟಲಿಗೆ.”

“ನುಂಗಿಬಿಡ್ರಿ. ಕಿಸೆದಾಗ ಇರೋದನ್ನ ಇಲ್ಲಿ ಹಾಕ್ರಿ. ಒಳಗ ತಿನ್ನೋ ಸಾಮಾನು ಒಯ್ಯಂಗಿಲ್ಲ, ಇರಿವಿ ಬರ್ತಾವ.”

ಕಲ್ಲುಸಕ್ಕರೆಯ ಪೊಟ್ಟಣ ಟಿಕೆಟ್ ಕೌಂಟರಿನ ಪ್ಲಾಸ್ಟಿಕ್ ತಟ್ಟೆಗೆ ಹೋಯಿತು. ಅಲ್ಲಿ ಆಗಲೇ ಯಾರದೋ ಎಲೆಅಡಿಕೆ, ಯಾರದೋ ಶೇಂಗಾ ಚಿಕ್ಕಿ ಕೂತಿದ್ದವು. ಒಂದು ಕಾಲಕ್ಕೆ ಕಾಲೇಜಿನ ವೇದಿಕೆಯಲ್ಲಿ ಮಂತ್ರಿಯಿಂದ ಮೇಕೆಯವರೆಗೆ ಎಲ್ಲರ ದನಿ ಹೊರಡಿಸಿ ಚಪ್ಪಾಳೆ ಗಿಟ್ಟಿಸಿದ್ದ ಗಂಟಲು ಅದು. ಇವತ್ತು ಅದನ್ನು ಒಣಗಿಸಿಕೊಂಡೇ ತನಿಖೆ ನಡೆಯಬೇಕಿತ್ತು.

ಮೂರು ದಿನದಲ್ಲಿ ಇದು ಮೂರನೆಯ ಸಂಗ್ರಹಾಲಯ. ಮೊನ್ನೆ ಹೊಸಪೇಟೆಯಲ್ಲಿ ಒಬ್ಬ ಶ್ರೀಮಂತರ ಮನೆಯ ಹಿತ್ತಾಳೆ ದೀಪಗಳನ್ನು ನೋಡಿದ್ದ. ನಿನ್ನೆ ಹಂಪಿಯಲ್ಲಿ ಕೆತ್ತನೆಯ ಬಾಗಿಲುಗಳನ್ನು ನೋಡಿದ್ದ. ಯಾರಾದರೂ ಹಳೇ ಕೌದಿಯೊಂದನ್ನು ಮಾರಲು ಬಂದಿದ್ದರೇ ಎಂದು ಕೇಳಿದ ಕಡೆಯಲ್ಲೆಲ್ಲ ‘ಮುಟ್ಟಬೇಡಿ’ ಎಂಬ ಫಲಕದ ಕಡೆಗೆ ಬೆರಳು ತೋರಿಸಿದ್ದರು. ಹೀಗೆ ಪತ್ತೇದಾರನಲ್ಲಿ ಪತ್ತೆ ಕಳೆದುಹೋಗಿ ದಾರವಷ್ಟೇ ಉಳಿದಿತ್ತು. ಆ ದಾರವೂ ಸಂಡೂರಿನ ಈ ‘ಕೈಗುಣ’ ಸಂಗ್ರಹಾಲಯದ ಏಳನೇ ಗಾಜುಪೆಟ್ಟಿಗೆಯೊಳಗೆ ಬೀಗ ಹಾಕಿಸಿಕೊಂಡು ಮಲಗಿತ್ತು.

ಅಲ್ಲಿ ಮಲಗಿದ್ದದ್ದು ಕೌದಿಯೇ, ಆದರೆ ಅಸಲಿಯಲ್ಲ. ಅದನ್ನು ಮೊದಲು ಕಂಡುಹಿಡಿದವಳು ಇಲ್ಲಿ ಬಂದವರಿಗೆಲ್ಲ ವಿವರಣೆ ಹೇಳುವ ಪಲ್ಲವಿ. ಅವಳ ಮುತ್ತಾತನ ಬೀಡಿಯ ಕಿಡಿ ಬಿದ್ದು ಮೂಲೆಯಲ್ಲಿ ಸುಟ್ಟಿದ್ದ ತೂತು, ಹೋದ ಗುರುವಾರ ನೋಡಿದರೆ ಇರಲಿಲ್ಲ. ಹುಡುಗಿ ಓಡಿಹೋಗಿ ತಾನೇ ದೂರು ಹೇಳಿದಳು. ದೂರು ತಿರುಗಿ ಅವಳ ಕುತ್ತಿಗೆಗೇ ಬಂತು. ಪೆಟ್ಟಿಗೆಯ ಕೀಲಿ ಅವಳದು. ಅಸಲಿ ಕೌದಿ ಹೊಲಿದ ಕೈ ಅವಳ ಅಜ್ಜಿಯದು. ಅಜ್ಜಿ ಹೊಲಿದಳು, ಮೊಮ್ಮಗಳು ಬದಲಿಸಿದಳು, ಇಬ್ಬರೂ ಸೇರಿ ಸಾಗಿಸಿದರು. ಲೆಕ್ಕ ಅಷ್ಟು ಸಲೀಸಾಗಿತ್ತು. ಆ ಲೆಕ್ಕ ತಪ್ಪೆಂದು ತೋರಿಸಿಕೊಡಿ ಎಂದು ಪಲ್ಲವಿಯೇ ಹುಲುಗೇಶನನ್ನು ಹಿಡಿದಿದ್ದಳು.

ಇವತ್ತು ಸಂಜೆ ಐದಕ್ಕೆ ಸಂಗ್ರಹಾಲಯ ನಡೆಸುವ ಟ್ರಸ್ಟಿನ ಅಧ್ಯಕ್ಷ ಕೊಟ್ರಯ್ಯ ಬರುತ್ತಾರೆ. ಅಷ್ಟರೊಳಗೆ ಬೇರೆ ಕಳ್ಳ ಸಿಗದಿದ್ದರೆ ಪಲ್ಲವಿಯ ಹೆಸರು ಪೊಲೀಸ್ ಠಾಣೆಗೆ ಹೋಗುತ್ತದೆ. ಈಗ ಮೂರೂಕಾಲು.

ಜೇಬಿನಲ್ಲಿ ಫೋನು ಗುರುಗುಟ್ಟಿತು.

“ಪ್ರಯಾಣಿಕರ ಗಮನಕ್ಕೆ,” ಎಂದಿತು ಹೊಸಪೇಟೆ ಬಸ್ ನಿಲ್ದಾಣದ ಧ್ವನಿವರ್ಧಕದ ಹೆಣ್ಣುದನಿ. “ಸಂಡೂರಿಗೆ ಹೋದ ಪತ್ತೇದಾರರು ಇನ್ನೂ ಬಂದಿರುವುದಿಲ್ಲ. ದಯವಿಟ್ಟು ಅವರ ಅನ್ನವನ್ನು ಬೆಕ್ಕಿಗೆ ಹಾಕತಕ್ಕದ್ದು.”

“ಲೇ ತ್ರಿವೇಣಿ, ಕೆಲಸದಾಗ ಇದೀನಿ.”

ತಂಗಿ ತನ್ನ ಸ್ವಂತ ದನಿಗೆ ಇಳಿದಳು. ಹಿಂದೆ ಹೊಲಿಗೆ ಯಂತ್ರದ ಸದ್ದು; ಹೊಸಪೇಟೆಯ ಮೂರಂಗಡಿ ಬೀದಿಯಲ್ಲಿ ಅವಳದೊಂದು ರವಿಕೆ ಹೊಲಿಯುವ ಅಂಗಡಿ. “ಕಳ್ಳ ಸಿಕ್ಕನೇನಣ್ಣಾ?”

“ಕಳ್ಳ ಇರ್ಲಿ, ಕೌದಿ ಮುಟ್ಟಾಕೂ ಬಿಡವಲ್ರು.”

“ನಿನಗ ಕೌದಿ ಬಗ್ಗೆ ಏನ್ ಗೊತ್ತೈತಿ? ಅವ್ವ ಹೊಲಿಯೋವಾಗ ಸೂಜಿ ಪೋಣಿಸಿ ಕೊಡ್ತಿದ್ದಾಕಿ ನಾನು. ನೀನು ಒಳಗ ಹೊಕ್ಕು ನಿದ್ದಿ ಮಾಡಿದಾವ.” ನಕ್ಕು ಇಟ್ಟುಬಿಟ್ಟಳು.

*

ಪಲ್ಲವಿ ಅಜ್ಜಿಯ ಕೈ ಹಿಡಿದುಕೊಂಡು ಒಳಗೆ ಬಂದಳು. ಗಾಳೆಮ್ಮ ಎಮ್ಮಿಗನೂರಿನಿಂದ ಕಂಪ್ಲಿಗೆ, ಕಂಪ್ಲಿಯಿಂದ ಹೊಸಪೇಟೆಗೆ, ಅಲ್ಲಿಂದ ಸಂಡೂರಿಗೆ ಮೂರು ಬಸ್ಸು ಬದಲಿಸಿ ಬಂದಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ. ಭತ್ತದ ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಬೆನ್ನು ಬಾಗಿತ್ತೇ ಹೊರತು ಮಾತು ಬಾಗಿರಲಿಲ್ಲ.

“ಇದೇನ್ರವ್ವಾ, ಕೌದಿಗೆ ಇಷ್ಟು ಚಂದದ ಮನಿ!” ಎಂದು ಏಳನೇ ಪೆಟ್ಟಿಗೆಯ ಮುಂದೆ ನಿಂತಳು. “ನಮಗಿಲ್ಲದ ದೀಪ, ನಮಗಿಲ್ಲದ ಫ್ಯಾನು.”

ಗಾಜಿನೊಳಗೆ ನೂರಾರು ತುಂಡು ಸೀರೆಗಳು ಸಾಲುಸಾಲು ಹೊಲಿಗೆಯಲ್ಲಿ ಹೊಂದಿಕೊಂಡು ಮಲಗಿದ್ದವು. ಅಸಲಿಯನ್ನು ಗಾಳೆಮ್ಮ ತನ್ನ ಹದಿನಾಲ್ಕನೇ ವಯಸ್ಸಿನಲ್ಲಿ ತಾಯಿಯ ಜೊತೆ ಕೂತು ಹೊಲಿದಿದ್ದಳು. ಒಂದೊಂದು ತುಂಡೂ ಅವರ ಜೊತೆ ನಾಟಿಗೆ ಇಳಿಯುತ್ತಿದ್ದ ಒಬ್ಬೊಬ್ಬ ಹೆಂಗಸಿನ ಸೀರೆ. ಕೆಳಗಿನ ಫಲಕದಲ್ಲಿ ಮಾತ್ರ ‘ಗ್ರಾಮೀಣ ಮಹಿಳೆ, ಕಂಪ್ಲಿ ಭಾಗ’ ಎಂದಿತ್ತು.

“ಏನ್ ಬರದಾರ?” ಅಜ್ಜಿ ಕೇಳಿದಳು.

“ನಿನ್ನ ಬಗ್ಗೇನ ಬರದಾರಬೇ,” ಎಂದಳು ಪಲ್ಲವಿ, ಫಲಕಕ್ಕೆ ಅಡ್ಡ ನಿಂತು.

ಹುಲುಗೇಶ್ ಬಗ್ಗಿದ. “ಅಜ್ಜೀ, ಇದು ನಿಮ್ದಲ್ಲ ಅಂತ ಪಲ್ಲವಿ ಹೇಳ್ಯಾಳ. ಹೊಲಿದಾವ್ರು ಯಾರು ಅಂತ ನಿಮಗೇನರ ಗೊತ್ತಾಗ್ತೈತಾ?”

“ಹಿಂಗ ಕಿಟಕ್ಯಾಗ ನೋಡಿ ಹೇಳಾಕ ನಾನೇನು ಡಾಕ್ಟ್ರೇನಪ್ಪಾ? ತಗಿ ಗಾಜು. ಮುಟ್ಟಿ ಹೇಳ್ತೀನಿ.”

“ಮುಟ್ಟಂಗಿಲ್ಲ,” ಎಂದು ಬಾಗಿಲಿನಿಂದಲೇ ಪಕೀರಪ್ಪ ಕೂಗಿದ. “ಸಿದ್ದಲಿಂಗೇಶ್ ಸಾಹೇಬ್ರು ಒಪ್ಪಿದ್ರ ಮಾತ್ರ. ಅದೂ ಕೈಗವಸು ಹಾಕ್ಕಂಡು.”

“ಎಂಟು ಕೂಸು ನನ್ನ ಕೌದ್ಯಾಗ ಉಚ್ಚಿ ಹೊಯ್ದು ಬೆಳದಾವ,” ಎಂದಳು ಗಾಳೆಮ್ಮ. “ಆವಾಗ ಯಾರೂ ಕೈಗವಸು ಕೇಳಲಿಲ್ಲ.”

ಪಕೀರಪ್ಪನ ಮೀಸೆ ನಗುವಿಗೂ ಕರ್ತವ್ಯಕ್ಕೂ ನಡುವೆ ಸಿಕ್ಕಿ ಒದ್ದಾಡಿತು.

ಮುದುಕಿ ಗಾಜಿಗೆ ಮೂಗು ತಾಗಿಸಿ ನೋಡಿದಳು. ಆಮೇಲೆ ಹುಲುಗೇಶನ ತೋಳು ಜಗ್ಗಿದಳು. “ಒಂದು ಮಾತು. ಇದರ ಹೊಟ್ಟಿ ತುಂಬೈತೇನು?”

“ಹೊಟ್ಟಿ?”

“ಕೌದಿ ಹೊಲಿಯೋದು ಅಂಚಿನಿಂದ ನಡುವಿಗೆ. ಕಟ್ಟಕಡಿಗೆ ನಟ್ಟ ನಡುವ ಒಂದು ತ್ಯಾಪಿ ಬಾಯಿ ತೆರಕೊಂಡು ಉಳೀತೈತಿ. ಅದೇ ಹೊಟ್ಟಿ. ಅದರಾಗ ಉಣ್ಣೋದೇನಾರ ಇಟ್ಟು ಬಾಯಿ ಹೊಲೀಬೇಕು. ನಮ್ಮವ್ವ ರೊಟ್ಟಿ ಚೂರು, ಬೆಲ್ಲ ಇಡ್ತಿದ್ಲು. ಹಸಿದ ಕೌದಿ ಹೊತ್ಕಂಡ್ರ ನಿದ್ದಿ ಹತ್ತಂಗಿಲ್ಲ, ಯಪ್ಪಾ. ಜಲ್ಮದಾಗ ನಾನು ಒಂದು ಕೌದೀನೂ ಉಪಾಸ ಕಳಿಸಿಲ್ಲ.”

ಹುಲುಗೇಶನ ತಲೆಯಲ್ಲಿ ಮೂರು ದಿನದಿಂದ ಆರಿದ್ದ ದೀಪ ಹೊತ್ತಿತು. ಮೇಲಿನ ಅಂದ ನಕಲು ಮಾಡಿದವನಿಗೆ ಒಳಗಿನ ಹೊಟ್ಟೆಪಾಡು ಗೊತ್ತಿರಲು ಸಾಧ್ಯವೇ? ಈ ನಕಲಿಯ ಹೊಟ್ಟೆ ಖಾಲಿಯಿದ್ದರೆ ಇದನ್ನು ಹೊಲಿದವಳು ಗಾಳೆಮ್ಮ ಅಲ್ಲವೇ ಅಲ್ಲ. ಅಜ್ಜಿ ಪಾರಾದಳೆಂದರೆ ಮೊಮ್ಮಗಳ ಮೇಲಿನ ಅರ್ಧ ಆರೋಪ ಅಲ್ಲೇ ಬಿದ್ದುಹೋಯಿತು.

ಅವನು ಖುಷಿಯಿಂದ ಪಲ್ಲವಿಯ ಕಡೆ ತಿರುಗಿದ. ಪಲ್ಲವಿ ನೆಲ ನೋಡುತ್ತಿದ್ದಳು.

*

ಸಂಗ್ರಹಾಲಯದ ಮೇಲ್ವಿಚಾರಕ ಸಿದ್ದಲಿಂಗೇಶ್ ಮಾತಾಡಿದರೆ ಸುತ್ತೋಲೆ ಓದಿದ ಹಾಗಿರುತ್ತಿತ್ತು. ಗಣಿ ಕಂಪನಿಯೊಂದರ ಹಳೇ ಕಚೇರಿಯಲ್ಲಿ ನಡೆಯುತ್ತಿದ್ದ ಸಂಗ್ರಹಾಲಯ ಅದು. ಮೇಜು ಕುರ್ಚಿಗಳ ಮೇಲೆ ಇವತ್ತಿಗೂ ಅದಿರಿನ ಕೆಂಪು ಧೂಳು ಕೂರುತ್ತಿತ್ತು, ಸಿದ್ದಲಿಂಗೇಶನ ಬಿಳಿ ಅಂಗಿಯ ಮೇಲೆ ಮಾತ್ರ ಕೂರುತ್ತಿರಲಿಲ್ಲ. ಧೂಳಿಗೂ ಅವನನ್ನು ಕಂಡರೆ ಭಯವಿರಬೇಕು.

ಅಜ್ಜಿ ಮೊಮ್ಮಗಳಿಬ್ಬರನ್ನೂ ಅವನ ಕೋಣೆಗೆ ಕರೆದೊಯ್ದು ಹುಲುಗೇಶ್ ಹೊಟ್ಟೆಯ ವಾದವನ್ನು ಉಸಿರು ಬಿಡದೆ ಮಂಡಿಸಿದ. “ಈಗ ಗಾಜು ತಗೀರಿ. ಅಜ್ಜಿ ಮುಟ್ಟಿ ನೋಡ್ಲಿ. ಖಾಲಿ ಇದ್ರ...”

“ಖಾಲಿಯೇ ಇರುತ್ತದೆ,” ಎಂದ ಸಿದ್ದಲಿಂಗೇಶ್.

“ನಿಮಗ ಹೆಂಗ ಗೊತ್ತು?”

“ನಮ್ಮಲ್ಲಿಗೆ ಬರುವ ಪ್ರತಿ ಕೌದಿಯ ಹೊಟ್ಟೆಯನ್ನೂ ನಾವು ಬಿಚ್ಚಿ ಖಾಲಿ ಮಾಡುತ್ತೇವೆ. ಆಹಾರ ಪದಾರ್ಥ ಇದ್ದರೆ ಹುಳ ಬೀಳುತ್ತದೆ. ಅಸಲಿಯದೂ ಖಾಲಿಯೇ ಇತ್ತು ಸ್ವಾಮಿ. ನಕಲು ಮಾಡಿದವರು ಅದನ್ನೂ ಸರಿಯಾಗಿಯೇ ನಕಲು ಮಾಡಿರುತ್ತಾರೆ.” ಅವನು ಕಪಾಟಿನಿಂದ ಒಂದು ಪಾರದರ್ಶಕ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಪುಡಿಯಾದ ರೊಟ್ಟಿಯ ಚೂರು, ಕಪ್ಪಾದ ಬೆಲ್ಲದ ಹರಳು. ಮೇಲೊಂದು ಚೀಟಿ: ‘ವಸ್ತು ಸಂಖ್ಯೆ ೭. ಒಡಲಿನಿಂದ ತೆಗೆದದ್ದು.’ “ತೆಗೆಯುವಾಗ ಪಕ್ಕದಲ್ಲಿ ದೀಪ ಹಿಡಿದಿದ್ದವಳು ಪಲ್ಲವಿ. ಹೊಟ್ಟೆ ಖಾಲಿಯಿರಬೇಕು ಅಂತ ಅಜ್ಜಿಗೆ ಹೇಳಿ ಹೊಲಿಸುವುದು ಅವಳಿಗೆ ಎಷ್ಟರ ಕೆಲಸ?”

ದೀಪ ಆರಿತು. ಬತ್ತಿಯ ಹೊಗೆಯಷ್ಟೇ ಹುಲುಗೇಶನ ಮೂಗಿಗೆ ಬಂತು.

ಗಾಳೆಮ್ಮ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದಳು. ಅದಕ್ಕೆ ಯಾರೂ ಕೈಗವಸು ಕೇಳಲಿಲ್ಲ.

“ನಮ್ಮವ್ವ ಇಟ್ಟಿದ್ದು,” ಎಂದಳು. “ಹಿಂಗ ತಗದಿಟ್ಟೀರಿ?” ಆಮೇಲೆ ಮೊಮ್ಮಗಳತ್ತ ತಿರುಗಿದಳು. “ನಿನಗ ಗೊತ್ತಿತ್ತು?”

“ಬೇ... ನೀನು ನೊಂದ್ಕಂತೀ ಅಂತ ಹೇಳಲಿಲ್ಲ.”

“ಎರಡು ವರ್ಷ ಉಪಾಸ ಕೆಡವೀರಿ ಅದನ್ನ.”

ಕಳ್ಳತನದ ಆರೋಪಕ್ಕೆ ಅಳದ ಪಲ್ಲವಿ ಈ ಮಾತಿಗೆ ಅತ್ತಳು. ಹುಲುಗೇಶ್ ಗೋಡೆಯ ಗಡಿಯಾರ ನೋಡಿದ. ನಾಲ್ಕು ಗಂಟೆ.

ಉಳಿದದ್ದು ಒಂದೇ ದಾರಿ, ಅದು ಪಲ್ಲವಿಯೇ ಮೊದಲ ದಿನದಿಂದ ಹೇಳುತ್ತಿದ್ದ ಮಾತು. ವಾರದ ರಜೆಯ ಮಂಗಳವಾರ ಅವಳೊಬ್ಬಳೇ ಇದ್ದಾಗ ಟಿಕೆಟ್ ಕೌಂಟರಿನ ಫೋನಿಗೆ ಕೊಟ್ರಯ್ಯನವರ ಕರೆ ಬಂದಿತ್ತಂತೆ. ಹಂಪಿಯಿಂದ ಫೋಟೋ ತೆಗೆಯುವವರು ಬರುತ್ತಾರೆ, ಬಾಗಿಲು ತೆರೆದೇ ಇರಲಿ, ಏಳನೇ ಪೆಟ್ಟಿಗೆಯ ಕೀಲಿಯನ್ನು ಡ್ರಾದಲ್ಲಿಟ್ಟು ನೀನು ಅಂಚೆ ಕಚೇರಿಯ ಕೆಲಸ ಮುಗಿಸಿ ಬಾ ಎಂದರಂತೆ. ಅವಳು ಹಾಗೇ ಮಾಡಿದ್ದಳು.

ಕೊಟ್ರಯ್ಯ ಮಾತ್ರ ತಾನು ಫೋನೇ ಮಾಡಿಲ್ಲ ಎಂದಿದ್ದರು. ಅದು ಯಾರ ಕರೆಯೆಂದು ತೋರಿಸದ ಹಳೇ ಕಾಲದ ಫೋನು. ಕ್ಯಾಮೆರಾ ಒಂದಿತ್ತು, ಅದಿರಿನ ಧೂಳು ಕೂತು ಅದು ಕಣ್ಣು ಮುಚ್ಚಿ ಆರು ತಿಂಗಳಾಗಿತ್ತು. ಕರೆ ಎಲ್ಲಿಂದ ಬಂತೆಂದು ಪೊಲೀಸರು ತೆಗೆಸಬಹುದು. ಆದರೆ ಪೊಲೀಸರು ಬಂದರೆ ಮೊದಲು ಕೂರಿಸುವುದು ಪಲ್ಲವಿಯನ್ನೇ.

“ಆ ಫೋನು ಬೇರೆ ಯಾರಾರ ಮಾಡಿರಬಹುದಲ್ರೀ?” ಹುಲುಗೇಶ್ ಕೇಳಿದ.

“ಎರಡು ವರ್ಷದಿಂದ ಈ ಹುಡುಗಿ ದಿನಾ ಕೇಳುವ ಧ್ವನಿ. ಅದನ್ನು ಬೇರೆಯವರು ಮಾಡಿದರೆ ಗೊತ್ತಾಗುವುದಿಲ್ಲವೇ?” ಸಿದ್ದಲಿಂಗೇಶ್ ಕನ್ನಡಕ ಒರೆಸಿದ. “ನನಗಂತೂ ಒಂದೇ ಅಕ್ಷರಕ್ಕೆ ಗೊತ್ತಾಗುತ್ತದೆ. ಇದು ಸಿನಿಮಾ ಅಲ್ಲ.”

ಹುಲುಗೇಶ್ ಎದ್ದ. ‘ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ’ ಎಂದು ಅಂಗಳಕ್ಕೆ ನಡೆದ.

*

ಬಿ.ಎ. ಮುಗಿಸಿದ ಮೇಲೆ ಎರಡು ವರ್ಷ ಹುಲುಗೇಶ್ ಇದೇ ಕೊಟ್ರಯ್ಯನವರ ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಅದಿರು ಲಾರಿಗಳು ತೋರಣಗಲ್ಲಿಗೆ ಓಡುತ್ತಿದ್ದ ಕಾಲ. ಹಗಲೆಲ್ಲ ಅವರ ಬೈಗುಳ ತಿನ್ನುವುದು, ಸಂಜೆ ಮನೆಗೆ ಹೋಗಿ ಅದನ್ನೇ ಅವರ ದನಿಯಲ್ಲಿ ಕಕ್ಕುವುದು. ಅವ್ವ ನಗುತ್ತಿದ್ದಳು, ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. ಅನ್ನದ ಋಣವೆಂದು ಅವನು ಆ ದನಿಯನ್ನು ಒಮ್ಮೆಯೂ ವೇದಿಕೆಗೆ ತಂದವನಲ್ಲ.

ಒಂದು ಸೊಗಸೂ ಸೇರಿಸಿದ್ದ. ಬೈಗುಳಕ್ಕೆ ಮುಂಚೆ ಒಂದು ಒಣಕೆಮ್ಮು: ‘ಖ್ಹುಂ’. ನಿಜವಾದ ಕೊಟ್ರಯ್ಯನಿಗೆ ಕೆಮ್ಮಿಲ್ಲ. ಅದು ಹುಲುಗೇಶನ ಸ್ವಂತ ಕಸೂತಿ. ಕೇಳುವವರು ಹೆದರಿ ನೆಟ್ಟಗಾಗಲು ಒಂದು ಕ್ಷಣ ಬೇಕಲ್ಲ, ಆ ಕ್ಷಣಕ್ಕೆ ಹಾಕಿದ ತೇಪೆ.

ಅವನು ಮೊಬೈಲಿನಿಂದ ಸಿದ್ದಲಿಂಗೇಶನ ಮೇಜಿನ ಫೋನಿಗೆ ಕರೆ ಮಾಡಿದ. ಅದಕ್ಕೂ ಪರದೆ ಇರಲಿಲ್ಲ. ಕಿಟಕಿಯಲ್ಲಿ ಸಿದ್ದಲಿಂಗೇಶನ ಬಿಳಿ ಬೆನ್ನು ಕಾಣುತ್ತಿತ್ತು.

“ಖ್ಹುಂ. ಸಿದ್ದಲಿಂಗಾ.”

ಬಿಳಿ ಬೆನ್ನು ಕುರ್ಚಿಯಿಂದ ಎದ್ದು ನಿಂತಿತು. ಒಂದು ಕೈ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿತು. “ಸರ್! ನಮಸ್ಕಾರ ಸರ್!”

“ಆ ಮುದುಕಿ ಬಂದಾಳಂತಲ್ಲ. ಚಾ ಕೊಟ್ಟೀಯೇನು?”

“ಇನ್ನೂ... ಈಗ ಕೊಡಬೇಕಂತಲೇ...”

“ಕೊಡಾಕೇನು ಟೆಂಡರ್ ಕರೀಬೇಕಾ? ಮೊದಲು ಏಳನೇ ಪೆಟ್ಟಿಗಿ ತಗಿ. ಆಕಿ ಕೌದಿ ಮುಟ್ಟಿ ನೋಡ್ಲಿ. ತಿಳೀತಾ?”

“ಸರ್, ಕೈಗವಸು ಎರಡೇ ಜೊತೆ...”

“ಖ್ಹುಂ! ಕೈಗವಸು ನೀನು ಹಾಕ್ಕೋ. ಬಾಯಿಗೆ. ಬರೇ ಕೈಲೆ ಮುಟ್ಲಿ ಆಕಿ. ನಾನು ದಾರ್ಯಾಗ ಇದೀನಿ.”

“ಆಯ್ತು ಸರ್. ಖಂಡಿತ ಸರ್. ಬರ್ರಿ ಸರ್!” ಸುತ್ತೋಲೆಯ ಕನ್ನಡ ಕಳಚಿಬಿದ್ದು ಒಳಗಿನ ಊರ ಮಾತು ಹೊರಬಂದಿತ್ತು.

ಹುಲುಗೇಶ್ ಫೋನಿಟ್ಟು ಗೋಡೆಗೆ ಒರಗಿ, ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕ. ಮೂರು ದಿನದಲ್ಲಿ ಮೊದಲ ನಗು.

ಅವನು ಮತ್ತೆ ಒಳಗೆ ಬರುವಷ್ಟರಲ್ಲಿ ಗಾಜು ತೆರೆದಿತ್ತು. ಗಾಳೆಮ್ಮ ಕಣ್ಣು ಮುಚ್ಚಿಕೊಂಡು, ಕೂಸಿನ ಬೆನ್ನು ಸವರುವ ಹಾಗೆ ಕೌದಿ ಸವರುತ್ತಿದ್ದಳು. ಸಿದ್ದಲಿಂಗೇಶ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಪಕೀರಪ್ಪನೇ ಚಹಾದ ಲೋಟ ಹಿಡಿದಿದ್ದ. ಒಳಗೆ ತಿನ್ನುವ ಕುಡಿಯುವ ಸಾಮಾನು ಒಯ್ಯಬಾರದೆಂಬ ನಿಯಮ ಎಲ್ಲಿ ಹೋಯಿತೋ.

ಹುಲುಗೇಶ್ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

“ಖ್ಹುಂ. ಸಿದ್ದಲಿಂಗಾ, ಚಾಕ್ಕ ಸಕ್ರಿ ಹಾಕೀಯೇನು?”

ಸಿದ್ದಲಿಂಗೇಶ್ ‘ಸರ್!’ ಎಂದು ನಮಸ್ಕಾರ ಮಾಡುತ್ತಲೇ ತಿರುಗಿದ. ಬಾಗಿಲಲ್ಲಿ ಅಧ್ಯಕ್ಷರಿರಲಿಲ್ಲ. ಜೋಡಿಸಿದ ಕೈ ಜೋಡಿಸಿದಂತೆಯೇ ಗಾಳಿಯಲ್ಲಿ ಉಳಿಯಿತು.

ಪಕೀರಪ್ಪ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಪಲ್ಲವಿಗೆ ಅಳುವಿನ ನಡುವೆಯೇ ನಗು ಉಕ್ಕಿತು.

“ಒಂದೇ ಅಕ್ಷರಕ್ಕ ಗೊತ್ತಾಗ್ತೈತಿ ಅಂದ್ರಲ್ಲ ಸಾಹೇಬ್ರೇ,” ಎಂದ ಹುಲುಗೇಶ್. “ಇಪ್ಪತ್ತು ಸಲ ‘ಸರ್’ ಅಂದ್ರಿ. ನೀವೇ ಮೋಸ ಹೋದ್ರಿ ಅಂದಮ್ಯಾಲೆ ಈ ಹುಡುಗಿ ಹೋಗಿದ್ದು ತಪ್ಪೇನು?”

ಸಿದ್ದಲಿಂಗೇಶನ ಮುಖ ಅದಿರಿನ ಬಣ್ಣಕ್ಕೆ ತಿರುಗಿತು.

“ಸುಮ್ನಿರ್ರಲೇ ಎಲ್ಲಾರೂ,” ಎಂದಳು ಗಾಳೆಮ್ಮ. ಅವಳ ಬೆರಳು ಕೌದಿಯ ನಟ್ಟ ನಡುವೆ ನಿಂತಿತ್ತು. “ಇದರ ಹೊಟ್ಟಿ ತುಂಬೈತಿ.”

ಪಲ್ಲವಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

“ಸಾಧ್ಯವಿಲ್ಲ,” ಎಂದ ಸಿದ್ದಲಿಂಗೇಶ್.

“ಬಿಚ್ಚು ಮತ್ತ. ನಿಮಗ ರೂಢಿ ಐತಲ್ಲ.”

ಸಿದ್ದಲಿಂಗೇಶ್ ಸಣ್ಣ ಕತ್ತರಿ ತಂದು ನಡುವಿನ ತೇಪೆಯ ನಾಲ್ಕು ಹೊಲಿಗೆ ಬಿಚ್ಚಿದ. ಗಾಳೆಮ್ಮ ಅಂಗೈ ಒಡ್ಡಿದಳು. ಅದರೊಳಗೆ ಬಿದ್ದದ್ದು ರೊಟ್ಟಿಯಲ್ಲ, ಬೆಲ್ಲವಲ್ಲ. ಹರಳಿನಂತೆ ಹೊಳೆಯುವ ಮೂರು ಕಲ್ಲುಸಕ್ಕರೆ.

“ನಮ್ಮ ಮನೆತನದಾಗ ರೊಟ್ಟಿ ಬೆಲ್ಲ,” ಎಂದಳು ಮುದುಕಿ. “ಕಲ್ಲುಸಕ್ರಿ ನಾವು ಇಡಂಗಿಲ್ಲ. ಇದು ಬ್ಯಾರೆ ಯಾರದೋ ಮನಿ ಪದ್ಧತಿ.”

ಹುಲುಗೇಶನಿಗೆ ಕುಣಿಯಬೇಕೆನಿಸಿತು. ಕಾಲೇಜಿನ ಚರ್ಚಾಸ್ಪರ್ಧೆಯ ಭಂಗಿಯಲ್ಲಿ ಒಂದು ಕೈ ಎತ್ತಿದ.

“ನೋಡ್ರಿ ಸಾಹೇಬ್ರೇ. ಗಾಳೆಮ್ಮಜ್ಜಿ ಮನಿಯಾಗ ಕೌದಿಗೆ ರೊಟ್ಟಿ ಬೆಲ್ಲ ಅನ್ನೋದಕ್ಕ ನಿಮ್ಮ ಪೊಟ್ಟಣನ ಸಾಕ್ಷಿ. ಇದು ಬ್ಯಾರೆ ಮನಿ ಕೈ. ಪಲ್ಲವಿ ಹೊಲಿಸಿದ್ರ ಹೊಟ್ಟಿ ಖಾಲಿ ಇರ್ತಿತ್ತು, ಯಾಕಂದ್ರ ಅಸಲಿದು ಖಾಲಿ ಅಂತ ಆಕಿಗೆ ಗೊತ್ತು. ಕಳ್ಳರಿಗೆ ಅದು ಗೊತ್ತಿಲ್ಲ. ಅಜ್ಜಿ ಪಾರು, ಮೊಮ್ಮಗಳು ಪಾರು!”

ಸಿದ್ದಲಿಂಗೇಶ್ ಪೊಟ್ಟಣ ನೋಡಿದ, ಕಲ್ಲುಸಕ್ಕರೆ ನೋಡಿದ, ನಿಧಾನವಾಗಿ ತಲೆಯಾಡಿಸಿದ. “ಒಪ್ಪಬೇಕಾದ ಮಾತೇ. ಹಾಗಾದರೆ ಕಳ್ಳ ಯಾರು?”

“ಸರಳ ಐತ್ರೀ.” ಹುಲುಗೇಶ್ ಬೆರಳು ಮಡಿಚಿದ. “ಒಂದು, ಕೊಟ್ರಯ್ಯನೋರ ದನಿ ಹೊಡಿಯಾಕ ಬರಬೇಕು. ಎರಡು, ಕೌದಿ ಹೊಟ್ಟಿಗೆ ಕಲ್ಲುಸಕ್ರಿ ಇಡೋ ಮನಿಯವರಾಗಿರಬೇಕು. ಇಂಥಾವ್ರು ಈ ನಾಲ್ಕು ಊರಾಗ ಎಷ್ಟು ಮಂದಿ ಇದ್ದಾರು?”



ಪಲ್ಲವಿಯ ಮುಖದ ನಗು ಎಲ್ಲೋ ಹೋಗಿತ್ತು. “ಅಣ್ಣಾ,” ಎಂದಳು, ಒಂದು ಹೆಜ್ಜೆ ಹಿಂದೆ ಸರಿದು. “ಮಂಗಳವಾರದ ಫೋನಿನಾಗೂ ಮಾತಿಗೆ ಮುಂಚೆ ಹಿಂಗ... ಹಿಂಗೇ ಕೆಮ್ಮಿದ್ರು. ಆವಾಗ ಸರ್‌ಗೆ ನೆಗಡಿ ಆಗೇತಿ ಅನ್ಕಂಡಿದ್ದೆ.”

ಹುಲುಗೇಶನ ಮಡಿಚಿದ ಬೆರಳು ಮಡಿಚಿದಂತೆಯೇ ನಿಂತಿತು.

“ಹದಿನೈದು ವರ್ಷ ಸರ್ ಜೊತೆ ಇದ್ದೀನಿ,” ಎಂದ ಸಿದ್ದಲಿಂಗೇಶ್, ಒಂದೊಂದೇ ಪದವನ್ನು ತೂಗಿ ಇಡುತ್ತ. “ಅವರು ಒಂದು ದಿನವೂ ಕೆಮ್ಮಿದವರಲ್ಲ. ನಾನು ಹೆದರಿಕೆಯಲ್ಲಿ ಗಮನಿಸಲಿಲ್ಲ. ಆ ಕೆಮ್ಮು ನಿಮ್ಮದು.”

“ಅದು... ಅದು ನಾನು ಸುಮ್ನ ಚಂದಕ್ಕ ಸೇರಿಸಿದ್ದು...”

“ನೀವೇ ಸೇರಿಸಿದ್ದು. ಸರಿ.”

ಪಕೀರಪ್ಪ ಟಿಕೆಟ್ ಕೌಂಟರಿಗೆ ಹೋಗಿ ಪ್ಲಾಸ್ಟಿಕ್ ತಟ್ಟೆಯನ್ನು ಎತ್ತಿಕೊಂಡು ಬಂದ. ಎಲೆಅಡಿಕೆ, ಶೇಂಗಾ ಚಿಕ್ಕಿ, ಮತ್ತು ಹುಲುಗೇಶನ ಕಲ್ಲುಸಕ್ಕರೆಯ ಪೊಟ್ಟಣ. ಅದನ್ನು ಗಾಳೆಮ್ಮನ ಅಂಗೈಯ ಪಕ್ಕದಲ್ಲಿ ಹಿಡಿದ.

ಆಗ ಸಿದ್ದಲಿಂಗೇಶ್ ನಕ್ಕ.

ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಮೈಯೆಲ್ಲ ಕುಲುಕಿ. ಗಾಜುಪೆಟ್ಟಿಗೆಗೆ ಒರಗಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ. ಆ ನಗು ಹಳೇ ಗಣಿ ಕಚೇರಿಯ ಹೆಂಚಿಗೆ ಬಡಿದು ಇಮ್ಮಡಿಯಾಗಿ ಇಳಿಯಿತು. “ನನ್ನ ಕೈಲಿ ಚಾ ತರಿಸಿದ್ರಿ ಸ್ವಾಮಿ! ನನ್ನ ಬಾಯಿಗೆ ಕೈಗವಸು ಹಾಕಿಸಿದ್ರಿ! ಕೊನೆಗೆ ಕಳ್ಳನ ಗುರುತೂ ನೀವೇ ಬಾಯಿಬಿಟ್ಟು ಹೇಳಿದ್ರಿ!”

ಹುಲುಗೇಶ್ ಅವನ ಮಾತು ಕೇಳುತ್ತಿರಲಿಲ್ಲ. ಅವನ ಕಣ್ಣೆದುರು ಹೊಸಪೇಟೆಯ ಹಳೇ ಮನೆಯ ಪಡಸಾಲೆಯಿತ್ತು. ಅವ್ವ ಕೌದಿ ಹರಡಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಒಂದು ತಗಡಿನ ಡಬ್ಬಿ. ಅವನು ಕಲ್ಲುಸಕ್ಕರೆಗೆಂದು ಕೈ ಹಾಕುತ್ತಾನೆ. ಅವ್ವ ಪಟ್ಟನೆ ಏಟು ಕೊಡುತ್ತಾಳೆ. ‘ಬಿಡಲೇ, ಅದು ಕೌದಿದು.’ ಏಟಿಗೆ ಅವನು ಓಡಿಹೋಗುತ್ತಾನೆ. ಸೂಜಿ ಪೋಣಿಸಿ ಕೊಡುತ್ತಿದ್ದವಳು ಮಾತ್ರ ಕೊನೆಯ ಹೊಲಿಗೆಯವರೆಗೂ ಕೂತಿರುತ್ತಾಳೆ.

ಲಾರಿ ಆಫೀಸಿನ ಆ ದನಿಯನ್ನು, ಆ ಕೆಮ್ಮನ್ನು ಈ ಲೋಕದಲ್ಲಿ ಕೇಳಿದ್ದವರು ಇಬ್ಬರೇ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಇನ್ನೊಬ್ಬಳು ಬಸ್ ನಿಲ್ದಾಣದ ದನಿಯನ್ನೂ ಬಿಟ್ಟವಳಲ್ಲ.

‘ನಾನಲ್ಲ’ ಎನ್ನಲು ಬಾಯಿ ತೆರೆದ. ನಾನಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು. ಬಾಯಿ ಮುಚ್ಚಿದ.

ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಬಾಗಿಲು ಧಡಾರನೆ ಬಡಿಯಿತು. “ಪಕೀರಾ! ಯಾಕಲೇ ಗೇಟು ಬಿಟ್ಟು ಒಳಗ ಹೋಗೀದಿ?” ಅಸಲಿ ಕೊಟ್ರಯ್ಯನ ದನಿ. ಅದರ ಹಿಂದೆಯೂ ಮುಂದೆಯೂ ಕೆಮ್ಮಿರಲಿಲ್ಲ.

ಸಿದ್ದಲಿಂಗೇಶ್ ಇನ್ನೂ ನಗುತ್ತಲೇ ಇದ್ದ. ಅಂಥ ನಗುವಿನ ನಡುವೆಯೂ ಹುಲುಗೇಶನ ಜೇಬಿನ ಫೋನು ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಅವನು ತೆಗೆದು ನೋಡಿದ. ಪರದೆಯ ಮೇಲೆ ತಂಗಿಯ ಹೆಸರು.

“ಎತ್ತಪ್ಪಾ,” ಎಂದಳು ಗಾಳೆಮ್ಮ, ಮೂರು ಹರಳನ್ನೂ ಅಂಗೈಯಲ್ಲಿ ಮುಚ್ಚಿಕೊಂಡು. “ಮನಿಯಿಂದ ಇರಬೇಕು.”